ರಾಜಕುಮಾರಿಯ ಕೋಣೆಗೆ ಬರೆದ ಬಾಗಿಲು

"ಈ ಬಾಗಿಲು ಬರೆದಿದ್ದು ಯಾರು?"

ನಕ್ಷೆಗಾರ ತಲೆಯೆತ್ತಿದ. ಎದುರಿಗೆ ನಿಂತವಳ ಕೈಯಲ್ಲಿ ಅವನೇ ಬರೆದ ಕೋಟೆಯ ನಕ್ಷೆಯಿತ್ತು.

ಮೂರು ತಿಂಗಳಿಂದ ಅವಳು ಕಥೆ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದಳು, ಅವನು ಅದಕ್ಕೆ ನಕ್ಷೆ ಬರೆಯುತ್ತಿದ್ದ. ಮುಖ ನೋಡಿದ್ದು ಇವತ್ತೇ ಮೊದಲು. 'ಈ ಪುಟ ಓದುತ್ತಾ ಊಟ ಮರೆತೆ' ಎಂದು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿ ಕಳಿಸಿದವನು ಇವನೇನಾ? ಆ ಒಂದು ಸಾಲನ್ನು ಅವಳು ಎಷ್ಟು ಸಲ ಓದಿಕೊಂಡಿದ್ದಳೋ...

"ನಾನೇ," ಎಂದ ಅವನು.

"ಯಜಮಾನ್ರು ಹೇಳಿದ್ರು ಅಂತ ತಾನೇ?"

"ಹೇಳಿದ್ದು ಹೌದು. ಆದ್ರೆ ನೀವೊಂದು ಸಲ ಕೆಳಗಡೆ..."

ಕೇಳುವ ತಾಳ್ಮೆ ಯಾರಿಗಿತ್ತು? ಪಿತ್ತ ನೆತ್ತಿಗೇರಿತ್ತು. ನಿಮ್ಮನ್ನು ನಂಬಿದ್ದು ನನ್ನ ತಪ್ಪು ಎಂದು ಮುಖಕ್ಕೆ ಹೊಡೆದಂತೆ ಹೇಳಿ ಅವಳು ಹೊರಟೇಹೋದಳು. ಆ ಪ್ರಕಾಶನದ ಕಚೇರಿಯಲ್ಲಿ ಅವಳ ಪತ್ರಗಳನ್ನು ಓದಿದವರು ಅವಳಿಗೆ 'ಹಟಮಾರಿ' ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅವಳ ಸಿಟ್ಟಿಗೆ ಕಾರಣವಿತ್ತು. ಆ ಪ್ರಕಾಶನದವರು ಅಚ್ಚು ಹಾಕುತ್ತಿದ್ದುದು ಕಥೆಯಾಟದ ಪುಸ್ತಕಗಳನ್ನು. ನಾಲ್ಕು ಜನ ಮೇಜಿನ ಸುತ್ತ ಕೂತು ತಲಾ ಒಂದು ಪಾತ್ರವಾಗುತ್ತಾರೆ. ಐದನೆಯವರು ಪುಸ್ತಕ ಹಿಡಿದು ಕಥೆ ನಡೆಸುತ್ತಾರೆ. ಗೆದ್ದರೋ ಸೋತರೋ ಎಂದು ದಾಳ ಹೇಳುತ್ತದೆ.

ಇದು ಅವಳ ಮೊದಲ ಪುಸ್ತಕ. ಹುಟ್ಟಿದ್ದು ಅಜ್ಜಿ ಹೇಳುತ್ತಿದ್ದ ಕಥೆಯಿಂದ. ರಾಕ್ಷಸನ ಪ್ರಾಣ ದೂರದಲ್ಲೆಲ್ಲೋ ಒಂದು ಗಿಳಿಯಲ್ಲಿದೆ. ಆ ಗುಟ್ಟನ್ನು ಉಪಾಯವಾಗಿ ಬಾಯಿಬಿಡಿಸುವವಳು ಸೆರೆಯಲ್ಲಿರುವ ರಾಜಕುಮಾರಿ. ಹೆಸರು ಮಾತ್ರ ಕುದುರೆ ಏರಿ ಬಂದವನಿಗೆ! ಇದ್ಯಾವ ನ್ಯಾಯ ಅಜ್ಜಿ, ಎಂದು ಎಂಟನೇ ವಯಸ್ಸಿನಲ್ಲೇ ಅವಳು ಜಗಳಕ್ಕೆ ನಿಂತಿದ್ದಳು.

ಅದಕ್ಕೇ ಅವಳ ಪುಸ್ತಕದಲ್ಲಿ ರಾಜಕುಮಾರಿಯ ವಿಷಯಕ್ಕೆ ದಾಳವೇ ಇಲ್ಲ. ಅವಳನ್ನು ಹೊತ್ತೊಯ್ಯುವಂತಿಲ್ಲ, ಹೆದರಿಸಿ ಗುಟ್ಟು ಕೇಳುವಂತಿಲ್ಲ. ಬಂದವರು ಅವಳ ಮನಸ್ಸಿನಲ್ಲೇನಿದೆ ಎಂದು ಕೇಳಬೇಕು, ಅಷ್ಟೇ. ಪ್ರಕಾಶನದ ಯಜಮಾನರಿಗೆ ಇದು ಎಳ್ಳಷ್ಟೂ ಹಿಡಿಸಿರಲಿಲ್ಲ. ಕೋಣೆಗೊಂದು ಗುಪ್ತದ್ವಾರ ಬೇಕು, ವೀರರು ನುಗ್ಗಿ ಅವಳನ್ನು ಬಿಡಿಸಬೇಕು ಎಂದು ಅವರ ಪಟ್ಟು. ಈಗ ನಕ್ಷೆಯಲ್ಲಿ ಆ ದ್ವಾರ ಬಂದು ಕೂತಿತ್ತು.

ಮರುದಿನ ಬೆಳಿಗ್ಗೆ, ಪುಸ್ತಕ ಅಚ್ಚಿಗೆ ಹೋಗುವ ಮೊದಲಿನ ಪರೀಕ್ಷೆಯ ಆಟ. ಅಲ್ಲೊಂದು ಕಟ್ಟುನಿಟ್ಟಿನ ನಿಯಮವಿತ್ತು. ಬರೆದವರು ಗೋಡೆಗೊರಗಿ ಕೂರಬೇಕು, ತುಟಿ ಪಿಟಕ್ಕೆನ್ನಬಾರದು. ನಾಳೆ ಪುಸ್ತಕ ಕೊಂಡವರ ಮನೆಗೆಲ್ಲ ಬರೆದವರು ಹೋಗಿ ವಿವರಿಸುವುದಕ್ಕಾಗುತ್ತದೆಯೇ? ಮಾತಾಡಿದರೆ ಆ ಆಟ ರದ್ದು, ಆಮೇಲೆ ಕಥೆಯ ಕೊನೆಯನ್ನು ಯಜಮಾನರು ತಮಗೆ ತೋಚಿದಂತೆ ತಿದ್ದಬಹುದು.

ಅಪರಿಚಿತರು ನಾಲ್ವರು ಆಡಲು ಕೂತರು. ಒಂದೂವರೆ ಗಂಟೆಯಲ್ಲಿ ಕೋಟೆಯ ಹಿಂಗೋಡೆ ತಲುಪಿದರು.

"ಇಲ್ಲೊಂದು ಗುಪ್ತದ್ವಾರ ಕಾಣಿಸ್ತಿದೆ," ಎಂದಳು ಕಥೆ ನಡೆಸುವವಳು.

ದಪ್ಪ ಮೀಸೆಯ ಲಾರಿ ಚಾಲಕ ಹುರುಪಿನಿಂದ ದಾಳ ಎತ್ತಿಕೊಂಡ. ಯಜಮಾನರು ಮುಗುಳ್ನಕ್ಕರು.

ಹೋಯಿತು... ನನ್ನ ರಾಜಕುಮಾರಿ ಮತ್ತೆ ಗಂಟುಮೂಟೆಯಾದಳು! ಹಟಮಾರಿ ಎದ್ದು ನಿಂತಳು. ಬಾಯಿ ತೆರೆಯುವುದೊಂದೇ ಬಾಕಿ.

ಅಷ್ಟರಲ್ಲಿ ಪಕ್ಕದಲ್ಲಿದ್ದ ನಕ್ಷೆಗಾರ ತನ್ನ ಪ್ರತಿಯನ್ನು ಅವಳ ಮುಂದೆ ಹಿಡಿದು, ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟ. ಸಾಸಿವೆಯಷ್ಟು ಸಣ್ಣ ಅಕ್ಷರ. 'ಚಿಲಕ ಒಳಗಡೆ ಮಾತ್ರ. ಈ ಬಾಗಿಲಿಗೆ ದಾಳ ನಡೆಯದು.'

ಅವಳು ತುಟಿ ಕಚ್ಚಿಕೊಂಡು ಕೂತಳು. ನಿನ್ನೆ ಅವನು ಕೆಳಗಡೆ ನೋಡಿ ಎನ್ನಲು ಹೊರಟಿದ್ದು ಇದನ್ನೇ! ಓದದೆ ಹಾರಾಡಿದ್ದು ನಾನು...

ಮೇಜಿನ ಬಳಿ ಕಥೆ ನಡೆಸುವವಳು ಅದೇ ಸಾಲನ್ನು ಓದಿ ಹೇಳಿದ್ದಳು, ಚಾಲಕ ದಾಳ ಹಿಡಿದೇ ಪೆಚ್ಚಾಗಿದ್ದ. ಒಡೆಯಬಹುದಾ, ಸುಡಬಹುದಾ ಎಂದೆಲ್ಲ ಕೇಳಿದ. ಜಪ್ಪಯ್ಯ ಎಂದರೂ ಬಾಗಿಲು ಜಗ್ಗಲಿಲ್ಲ. ಕೊನೆಗೆ ಅವನೇ ದಾಳ ಕೆಳಗಿಟ್ಟು, ತುಸು ನಾಚಿಕೆಯಿಂದ, ಗೋಡೆಗೆ ಮಾತಾಡುವವನಂತೆ ಕೇಳಿದ.

"ತಾಯಿ, ನಾವೇನು ಮಾಡ್ಬೇಕು ಹೇಳಮ್ಮ."

ಕಥೆ ನಡೆಸುವವಳು ಪುಟ ತಿರುಗಿಸಿ ರಾಜಕುಮಾರಿಯ ಉತ್ತರ ಓದಿದಳು. "ಗಿಳಿ ಎಲ್ಲಿದೆ ಅಂತ ನನಗೆ ಗೊತ್ತು. ಅದರ ಕತ್ತು ಹಿಸುಕೋದು ನಾನೇ. ಅಲ್ಲಿವರೆಗೆ ನನ್ನ ಬೆನ್ನಿಗೆ ನಿಲ್ತೀರಾ?"

ಚಾಲಕ ಕನ್ನಡಕ ತೆಗೆದು ಒರೆಸಿಕೊಂಡ. ತನ್ನ ಮಗಳಿಗೂ ಈ ಪುಸ್ತಕ ಬೇಕು, ಯಾವಾಗ ಸಿಗುತ್ತದೆ ಎಂದು ವಿಚಾರಿಸಿದ.

ಯಜಮಾನರು ಮಾತ್ರ ಸುಲಭಕ್ಕೆ ಬಗ್ಗುವವರಲ್ಲ. ಇದೆಲ್ಲ ಇರಲಿ, ಕೊನೆಯ ಪುಟದಲ್ಲಾದರೂ ವೀರನೊಬ್ಬ ಗಿಳಿಯನ್ನು ಕೊಲ್ಲಲಿ ಎಂದರು.

ಆಟ ಮುಗಿದಿತ್ತು, ಈಗ ಅವಳು ಮಾತಾಡಬಹುದಿತ್ತು. "ಹಾಗಾದ್ರೆ ನನ್ನ ಕಥೆ ವಾಪಸ್ ಕೊಡಿ. ಬೇರೆ ಕಡೆ ಹೋಗ್ತೀನಿ. ಯಾರೂ ತಗೊಳ್ಳದಿದ್ರೆ ಕೈಯಲ್ಲೇ ಬರೆದು ಹಂಚ್ತೀನಿ. ಕೊನೆ ಮಾತ್ರ ಬದಲಾಗಲ್ಲ."

"ನಕ್ಷೆಗಳೂ ಅವರ ಜೊತೆಗೇ ಹೋಗ್ತವೆ," ಎಂದ ನಕ್ಷೆಗಾರ. ಆ ಕಚೇರಿಯಲ್ಲಿ ಅವನು ಯಜಮಾನರಿಗೆ ಎದುರಾಡಿದ್ದು ಅದೇ ಮೊದಲು.

ಯಜಮಾನರು ಇಬ್ಬರನ್ನೂ ದುರುಗುಟ್ಟಿ ನೋಡಿದರು. ಆಮೇಲೆ ಹಾಗೇ ಅಚ್ಚಿಗೆ ಕಳಿಸಿ ಎಂದು ಗೊಣಗಿ ಎದ್ದುಹೋದರು.

ಮೆಟ್ಟಿಲ ಬಳಿ ಅವಳು ಅವನನ್ನು ತಡೆದು ನಿಲ್ಲಿಸಿದಳು. ನಿನ್ನೆ ಆಡಿದ ಮಾತಿಗೆ ಕ್ಷಮೆ ಕೇಳಿದಳು. ಕಣ್ಣು ತಗ್ಗಿಸಲಿಲ್ಲ.

"ಇನ್ನೊಂದು ವಿಷಯ. ನಂಗೆ ನೀವು ಇಷ್ಟ. ಊಟ ಮರೆತೆ ಅಂತ ಬರೆದ ದಿನದಿಂದ. ನೀವೇ ಮೊದಲು ಹೇಳ್ಲಿ ಅಂತ ಕಾಯೋಳಲ್ಲ ನಾನು."

ಅವನ ಕಿವಿಗಳು ಕೆಂಪಾದವು. "ನಂಗೆ... ನಂಗೂ ಇಷ್ಟ."

"ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳಿ."

"ಒಂದು ಸಲಕ್ಕೇ ಇಷ್ಟು ಕಷ್ಟ ಆಯ್ತು ನಂಗೆ."

"ಕಷ್ಟಪಡಿ," ಎಂದಳು ಅವಳು, ಅವನ ಕೈ ಹಿಡಿದುಕೊಂಡು.

ಅವನು ಇನ್ನೊಂದು ಸಲ ಹೇಳಿದ.