ಯಾವ ಮೆಣಸು?

ಕೇಕಿನ ಮೇಲೆ ‘ಹುಟ್ಟುಹಬ್ಬದ ಶುಭಾ’ ಎಂದಷ್ಟೇ ಬರೆದಿತ್ತು. ಉಳಿದ ಅಕ್ಷರ ಬರೆಯಬೇಕಿದ್ದವರು ಮೇಜಿನ ಕೆಳಗೆ ಬಿದ್ದಿದ್ದರು. ಕ್ರೀಮಿನ ಕೋನ್ ಇನ್ನೂ ಕೈಯಲ್ಲೇ ಇತ್ತು.

ಆಂಬುಲೆನ್ಸ್ ಅವರನ್ನು ಕರೆದೊಯ್ದ ಮೇಲೆ ಎಸ್.ಐ. ಮೇಡಂ ಬೇಕರಿಗೆ ಬಂದರು. ಹಿಂದೆಯೇ ದಫೇದಾರ.

“ಮೇಡಂ, ಈ ಶುಭಾ ಯಾರು? ಕರೆಸ್ಲಾ?”

“ಶುಭಾಶಯ ಕಣ್ರೀ ಅದು! ಪೂರ್ತಿ ಆಗಿಲ್ಲ ಅಷ್ಟೆ.”

“ಓಹ್. ನಾನು ಸುಳಿವು ಅಂದ್ಕೊಂಡೆ.”

ಬಿದ್ದವರು ಬೇಕರಿಯ ಒಡತಿ ಕೇಕ್ ಅಮ್ಮ. ಇಡೀ ಬೀದಿಗೆ ಅದೇ ಹೆಸರು. ಅವರಿಗೆ ಕೈ ನಡುಕ. ದಿನಾ ಒಂದು ಮಾತ್ರೆ ನುಂಗಿದರೆ ಅಕ್ಷರ ಮುತ್ತು ಪೋಣಿಸಿದ ಹಾಗೆ. ಇಲ್ಲದಿದ್ದರೆ ಕಾಗೆ ಕಾಲು ಗುಬ್ಬಿ ಕಾಲು. ಮೇಡಂ ಮಗಳ ಕೇಕಿನ ಮೇಲೂ ಅವರೇ ಬರೆದಿದ್ದರು.

ಪೊಲೀಸರಿಗೆ ಫೋನ್ ಮಾಡಿದ್ದು ಅಮ್ಮನ ತಮ್ಮ. ಹಿಂದೆ ಮೆಡಿಕಲ್ ರೆಪ್ ಆಗಿದ್ದವನು.

“ಮಾತ್ರೆ ಕೊಡೋದು ಅವಳು ಮೇಡಂ,” ಎಂದು ಮೂಲೆಯತ್ತ ಬೆರಳು ತೋರಿಸಿದ. “ನಮ್ಮಕ್ಕನ ಸೊಸೆ. ಅತ್ತೆ-ಸೊಸೆ ಅಂದ್ಮೇಲೆ ನಿಮಗೆ ಬಿಡಿಸಿ ಹೇಳ್ಬೇಕಾ?”

ಮೂಲೆಯಲ್ಲಿ ಸೊಸೆ ನಿಂತಿದ್ದಳು. ಗಂಡ ತೀರಿಹೋದ ಮೇಲೂ ಅತ್ತೆಯನ್ನು ಬಿಟ್ಟು ಹೋಗದೆ ಉಳಿದವಳು.

“ಒಂದೇ ಮಾತ್ರೆ ಕೊಟ್ಟಿದ್ದು ಮೇಡಂ. ನನ್ನಾಣೆ. ಜೈಲಿಗೆ ಹಾಕಿದ್ರೂ ಹಾಕಿ, ಮೊದ್ಲು ಅತ್ತೆ ಹೇಗಿದ್ದಾರೆ ಹೇಳಿ.”

\* \* \*

“ಬದುಕಿದ್ರು,” ಎಂದರು ಡಾಕ್ಟರು. “ನಾಡಿ ಕೈಗೇ ಸಿಗ್ತಿರ್ಲಿಲ್ಲ. ಆ ಸೊಸೆ ತಕ್ಷಣ ಆಂಬುಲೆನ್ಸ್ ಕರೆಸಿದ್ದಕ್ಕೆ ಪುಣ್ಯ. ರಕ್ತದಲ್ಲಿ ನಡುಕದ ಮಾತ್ರೆ ಅಂಶ ಇರ್ಬೇಕಾದ್ದಕ್ಕಿಂತ ಡಬಲ್. ಅದು ಹೆಚ್ಚಾದ್ರೆ ಎದೆಬಡಿತಾನೇ ಇಳಿಸಿಬಿಡುತ್ತೆ.”

“ಹಾಗಾದ್ರೆ ಎರಡು ಕೊಟ್ಟಿದ್ದಾಳೆ!” ಎಂದ ದಫೇದಾರ.

“ಮಾತ್ರೆ ಸ್ಟ್ರಿಪ್ ಎಣಿಸಿ ನೋಡಿದೆ,” ಎಂದರು ಮೇಡಂ. “ಒಂದೂ ಹೆಚ್ಚು ಖರ್ಚಾಗಿಲ್ಲ. ಡಾಕ್ಟ್ರೇ, ಒಂದು ನುಂಗಿದ್ದು ಎರಡಾಗೋದು ಹೇಗೆ?”

“ನುಂಗಿದ್ದೆಲ್ಲ ರಕ್ತಕ್ಕೆ ಸೇರಲ್ಲ ಮೇಡಂ. ಈ ಮಾತ್ರೇಲಂತೂ ಬಹುಪಾಲನ್ನ ಲಿವರ್ ಬಾಗಿಲಲ್ಲೇ ಮುಗಿಸಿಬಿಡುತ್ತೆ. ಆ ಬಾಗಿಲು ಕಾಯೋನ ಕೈ ಕಟ್ಟಿಹಾಕಿದ್ರೆ?”

“ಎಲ್ಲಾ ಒಳಗೆ ನುಗ್ಗುತ್ತೆ.”

“ಅಷ್ಟೇ. ಹಾಗೆ ಕೈ ಕಟ್ಟೋ ಪದಾರ್ಥಗಳಿವೆ. ಜೊತೆಗೆ ಬೇರೇನು ತಿಂತಿದ್ರು ಹುಡುಕಿ.”

ಬೇಕರಿಯ ಹಿಂದಿನ ಅಡುಗೆಮನೆಯಲ್ಲಿ ಹೆಸರಿಲ್ಲದ ಬಾಟಲಿಯೊಂದು ಸಿಕ್ಕಿತು. ಒಳಗೆ ಹಳದಿ ಪುಡಿಯ ಕ್ಯಾಪ್ಸೂಲುಗಳು.

“ಅತ್ತೆ ಮಂಡಿ ನೋವಿಗೆ ಅಂತ ಈ ಮಾವ ತಂದ್ಕೊಟ್ಟಿದ್ದು,” ಎಂದಳು ಸೊಸೆ, ಅಮ್ಮನ ತಮ್ಮನತ್ತ ತಿರುಗಿ. “ಬರೀ ಅರಿಶಿನ ಅಂದ್ರು.”

“ನಾನು ತುಂಬಿಸಿದ್ದು ಅರಿಶಿನಾನೇ,” ಎಂದು ತಮ್ಮ ಗುಡುಗಿದ. “ಬಾಟ್ಲಿ ಇದ್ದದ್ದು ಇವಳ ಕೈಕೆಳಗೆ. ಆಮೇಲೆ ಇವಳೇನು ಬೆರೆಸಿದ್ಲೋ!”

ಅಲ್ಲಿಗೆ ದಾರಿ ಮುಚ್ಚಿತು. ಬೆರೆಸಿದ್ದು ಇವನಾ, ಇವಳಾ? ಲ್ಯಾಬ್ ವರದಿ ಬಂದಾಗ ಮೇಡಂ ಒಬ್ಬರೇ ಓದಿ ಜೇಬಿಗಿಟ್ಟುಕೊಂಡರು. ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

\* \* \*

ಕೇಕ್ ಅಮ್ಮ ಎದ್ದು ಕೂರುವಷ್ಟಾದ ಮೇಲೆ ಮೇಡಂ ಎಲ್ಲರನ್ನೂ ವಾರ್ಡಿಗೆ ಕರೆಸಿದರು.

“ಕ್ಯಾಪ್ಸೂಲಲ್ಲಿ ಮೆಣಸಿತ್ತು,” ಎಂದರು.

“ಮೆಣಸಿನಕಾಯಿನಾ?” ಸೊಸೆ ಬೆಚ್ಚಿದಳು. “ಅಯ್ಯೋ, ಅದಕ್ಕೇನಾ ಅತ್ತೆ ಎದೆ ಉರಿ ಎದೆ ಉರಿ ಅಂತಿದ್ದಿದ್ದು?”

“ಖಾರದ ಪುಡಿ ಕೆಂಪಗಿರ್ಬೇಕಿತ್ತಲ್ಲ ಮೇಡಂ?” ದಫೇದಾರ ತಲೆ ಕೆರೆದುಕೊಂಡ.

ತಮ್ಮ ನಕ್ಕ. “ಏನ್ ಮೇಡಂ ತಮಾಷೆ? ಕಾಳುಮೆಣಸಿನ ಸತ್ವ ತಿಂದು ಯಾರಾದ್ರೂ ಸಾಯ್ತಾರಾ?”

ಮೇಡಂ ಜೇಬಿನಿಂದ ಲ್ಯಾಬ್ ವರದಿ ತೆಗೆದರು.

“ನಾನಂದಿದ್ದು ಬರೀ ಮೆಣಸು,” ಎಂದರು ಮೇಡಂ ಮೆಲ್ಲಗೆ. “ಇವರಿಬ್ಬರಿಗೂ ಮೆಣಸಿನಕಾಯಿ ನೆನಪಾಯ್ತು. ಕಾಳು ಅಂತ ನಿಮಗ್ಯಾರು ಹೇಳಿದ್ರು? ಸತ್ವ ಅಂತ ಯಾರು ಹೇಳಿದ್ರು?”

ಅವನ ಮುಖ ಬಿಳಿಚಿಕೊಂಡಿತು.

“ಸಾರಿಗೆ ಹಾಕೋ ಚಿಟಿಕೆ ಮೆಣಸಿಂದ ಇಷ್ಟೆಲ್ಲಾ ಆಗಲ್ಲ. ಆದ್ರೆ ಅದರೊಳಗಿನ ಪೈಪರಿನ್ ಬೇರೆ ಮಾಡಿ, ಗಟ್ಟಿಯಾಗಿ ದಿನಾ ಕೊಟ್ರೆ, ಲಿವರ್ ಕೈ ಕಟ್ಟಿಹಾಕುತ್ತೆ. ಔಷಧಿ ಮಾರಿದವನಿಗೆ ಅದು ಗೊತ್ತು. ವಿಷ ಹಾಕಿದ್ರೆ ವಿಷ ಸಿಗುತ್ತೆ. ಹೀಗಾದ್ರೆ ರಕ್ತದಲ್ಲಿ ಸಿಗೋದು ಅಕ್ಕನದೇ ಮಾತ್ರೆ. ಸಿಕ್ಕಿಬೀಳೋಳು ಮಾತ್ರೆ ಕೊಟ್ಟೋಳು. ಅಮ್ಮ ಬೇಕರಿನ ಸೊಸೆ ಹೆಸರಿಗೆ ಮಾಡ್ತೀನಿ ಅಂದಿದ್ರಲ್ಲ, ಅಕ್ಕ ಸತ್ತು ಇವಳು ಜೈಲಿಗೆ ಹೋದ್ರೆ ಅದು ನಿಮ್ಮದೇ. ನಿಮ್ಮ ಸ್ಕೂಟರ್ ಡಿಕ್ಕೀಲಿ ಸತ್ವದ ಡಬ್ಬಿ ಸಿಕ್ಕಿದೆ. ಈಗಷ್ಟೇ ಫೋನ್ ಬಂತು.”

“‘ಮಾತ್ರೆ ಜೊತೇಲೇ ನುಂಗು ಅಕ್ಕ’ ಅಂತಿದ್ದೆಯಲ್ಲೋ,” ಎಂದರು ಕೇಕ್ ಅಮ್ಮ. “ಎಷ್ಟು ಕಾಳಜಿ ಇವನಿಗೆ ಅಂದ್ಕೊಂಡಿದ್ದೆ.”

ದಫೇದಾರ ಅವನನ್ನು ಕರೆದೊಯ್ದ. ಅಮ್ಮ ಮೇಡಂಗೆ ಕೈಮುಗಿಯಲು ಹೋದರು. ಮೇಡಂ ಆ ಕೈಗಳನ್ನು ಹಿಡಿದುಕೊಂಡರು.

“ನನಗಲ್ಲ ಅಮ್ಮ. ಉಳಿಸಿದೋಳು ಅಲ್ಲಿದ್ದಾಳೆ.”

ಅಷ್ಟರಲ್ಲಿ ನರ್ಸ್ ಮಾತ್ರೆ ತಂದು ಸೊಸೆಯತ್ತ ಚಾಚಿದಳು. ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು.

“ಬೇಡ ಸಿಸ್ಟರ್. ನೀವೇ ಕೊಡಿ. ನನಗೆ ಕೈಯೇ ಬರಲ್ಲ.”

“ಏಯ್!” ಅಮ್ಮ ಗದರಿದರು. “ಮಗ ಹೋದ್ಮೇಲೂ ನನ್ನ ಬಿಟ್ಟು ಹೋಗ್ದೆ ನಿಂತೋಳು ನೀನು. ಕಂಡೋರ ಕೈಯಿಂದ ನುಂಗಕ್ಕೆ ನಾನೇನು ದಿಕ್ಕಿಲ್ಲದೋಳಾ? ಬಾರೇ ಇಲ್ಲಿ.”

ಕಣ್ಣು ಮುಚ್ಚಿ, ಮಗುವಿನ ಹಾಗೆ ಬಾಯಿ ತೆರೆದರು.

ಸೊಸೆ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟಳು.

“ನೀರೆಲ್ಲೇ, ಪೆದ್ದಿ? ಒಣಗಂಟಲಲ್ಲಿ ನುಂಗ್ಲಾ?”

ಸೊಸೆ ಅಳುತ್ತಾ, ನಗುತ್ತಾ ನೀರಿಗೆ ಓಡಿದಳು.