ಕೇಳಿದರೆ ಬರುವ ಗಾಳಿ

ಚನ್ನವೀರಪ್ಪ ಮೊಬೈಲಿನಲ್ಲಿ ತನ್ನ ಕಣದ ಸಂಖ್ಯೆ ಒತ್ತಿದ. ದಿಬ್ಬದ ಮೇಲಿನ ಗಾಳಿಕಂಬದ ಬುಡದಲ್ಲಿದ್ದ ದೊಡ್ಡ ಕೊಳವೆ ಅವನ ಕಣದತ್ತ ತಿರುಗಿತು. ಹದವಾದ ಗಾಳಿ ಬೀಸತೊಡಗಿತು. ಅವನು ಮೊರದಿಂದ ಸುರಿದ ಜೋಳ ನೆಟ್ಟಗೆ ಕೆಳಗೆ ಬಿತ್ತು, ಹೊಟ್ಟು ದೂರಕ್ಕೆ ಹಾರಿತು.

ಇದು ಡಾ. ವನಮಾಲಾ ರೂಪಿಸಿದ ‘ಮರುಗಾಳಿ ಯಂತ್ರ’. ಬಿಳಿಜೋಳವನ್ನು ಕಣದಲ್ಲೇ ತೂರಬೇಕೆಂಬ ಹಟ ಗದಗ ಸೀಮೆಯ ಈ ಊರಿನದು. ಆದರೆ ವಿದ್ಯುತ್ತಿಗಾಗಿ ಗಾಳಿಕಂಬಗಳು ಬಂದ ಮೇಲೆ ತೂರುವುದೇ ಕಷ್ಟವಾಯಿತು. ಕಂಬಗಳ ರೆಕ್ಕೆಗಳು ಗಾಳಿಯ ಬಲವನ್ನೆಲ್ಲ ಹೀರಿಕೊಂಡು, ಹಿಂದಿನ ಹೊಲಗಳಿಗೆ ಸುಸ್ತಾದ ಗಾಳಿಯನ್ನು ಕಳಿಸುತ್ತಿದ್ದವು. ಯಂತ್ರವು ಕಂಬದ ವಿದ್ಯುತ್ತಿನಲ್ಲೇ ಸ್ವಲ್ಪ ಬಳಸಿ, ಕೇಳಿದ ಕಣಕ್ಕೆ ಗಾಳಿಯನ್ನು ಮರಳಿಸುತ್ತಿತ್ತು. ಕಸಿದುಕೊಂಡದ್ದನ್ನು ಹಿಂದಿರುಗಿಸಿದರೂ ಸನ್ಮಾನ ಮಾಡುವ ಜನ ನಾವು. ಊರು ವನಮಾಲಾಗೆ ಶಾಲು ಹೊದಿಸಿತು.

ಆ ಸಂಜೆ ವನಮಾಲಾ ಕಣಕ್ಕೆ ಬಂದಾಗ ಚೀಲಗಳೆಲ್ಲ ಮನೆ ಸೇರಿದ್ದವು. ಗುಡಿಸಿದ ಕಣದ ಅಂಚಿನಲ್ಲಿ ಊರಿನ ಹಳೆಯ ಸೂಲಗಿತ್ತಿ ಫಕೀರವ್ವ ಕೋಲೂರಿ ನಿಂತಿದ್ದಳು.

“ಯಾರನ್ನು ನೋಡ್ತಿದ್ದೀರಿ ಅಜ್ಜಿ?”

“ಯಾರನ್ನೂ ಇಲ್ಲವ್ವ. ಮೊದಲೆಲ್ಲ ಗಾಳಿ ನಿಂತ್ರ ಮಂದಿ ಕಣದಾಗ ಕಾಯ್ಕೋತ ಕೂತಿರತಿದ್ರು. ನಾನೂ ಬಂದು ಕೂಡತಿದ್ದೆ. ಗಾಳಿ ಬಂದ ಮ್ಯಾಲೆ ಒಂದು ಮೊರ ಜ್ವಾಳ ಉಡಿಗೆ ಹಾಕತಿದ್ರು. ಈ ಸಲ ನಾ ಬರೂದ್ರಾಗ ಎಲ್ಲಾ ಕಣಾ ಖಾಲಿ.”

ಆಸ್ಪತ್ರೆ ಇಲ್ಲದ ಕಾಲದಲ್ಲಿ ಊರಿನ ಅರ್ಧ ಜನ ಹುಟ್ಟಿದ್ದು ಅವಳ ಕೈಯಲ್ಲಿ. ಯಾರಿಂದಲೂ ಹಣ ಮುಟ್ಟಿದವಳಲ್ಲ. ಕಣಕ್ಕೊಂದು ಮೊರದಂತೆ ಕೂಡುವ ಆ ಜೋಳವೇ ಅವಳ ವರ್ಷದ ರೊಟ್ಟಿ.

ವನಮಾಲಾಗೆ ನಾಚಿಕೆಯಾಯಿತು. ಹೋಗಿ ಚನ್ನವೀರಪ್ಪನಿಗೆ ಹೇಳಿದಳು.

“ನಮ್ಮ ತಲಿಗೇನಾಗಿತ್ರಿ ಮೇಡಂ” ಎಂದವನೇ ಅವನು ಜೋಳದ ಚೀಲ ಹೊತ್ತು ಫಕೀರವ್ವನ ಮನೆಗೆ ಹೋದ. ಅವಳು ಬಾಗಿಲಿನಿಂದಲೇ ತಿರುಗಿ ಕಳಿಸಿದಳು.

“ಕಣದಾಗ ಹಾಕಿದ್ದು ನನ್ನ ಪಾಲು, ಚನ್ನವೀರ. ಮನೀಗೆ ಹೊತ್ತು ತಂದ್ರ ಅದು ದಾನ. ದಾನ ತಿಂದು ರೂಢಿಲ್ಲ ನನಗ.”

ಆ ವರ್ಷ ಅವಳು ಒಪ್ಪೊತ್ತು ಉಂಡು ದಿನ ದೂಡಿದಳು. ಅದು ಊರಿಗೆ ತಿಳಿದದ್ದು ತಡವಾಗಿ. ತಿಳಿದಾಗ ಯಾರಿಗೂ ಯಾರ ಮುಖವನ್ನೂ ನೋಡಲಾಗಲಿಲ್ಲ.

ಮರುವರ್ಷದ ಸುಗ್ಗಿಯಲ್ಲಿ ಯಂತ್ರ ಕೆಟ್ಟಿತೆಂದು ಎಲ್ಲರೂ ಗೊಣಗಿದರು. ಕೇಳಿದ ಗಾಳಿ ಬೇಗ ಬರುತ್ತಿರಲಿಲ್ಲ. ಬಂದರೂ ನಡುವೆ ನಿಂತುಬಿಡುತ್ತಿತ್ತು. ಗಾಳಿಕಂಬದ ಕಂಪನಿ ಕಾರಣ ಕೇಳಿತು. ಹುಡುಕುತ್ತಿದ್ದೇನೆ ಎಂದಳು ವನಮಾಲಾ. ಹುಡುಕುವುದೇನೂ ಇರಲಿಲ್ಲ, ಆ ತಡವನ್ನು ಯಂತ್ರದೊಳಗೆ ಸೇರಿಸಿದವಳು ಅವಳೇ.

ಚನ್ನವೀರಪ್ಪನ ಕಣದಲ್ಲಿ ಜನ ಮೊರ ಕೆಳಗಿಟ್ಟು ಎಲೆ ಅಡಿಕೆ ಬಿಚ್ಚಿದರು. ಫಕೀರವ್ವ ಮೆಲ್ಲಗೆ ಬಂದು ವನಮಾಲಾಳ ಪಕ್ಕ ಕುಳಿತಳು. ಬಹಳ ಹೊತ್ತಿನ ಮೇಲೆ ಗಾಳಿ ಬಂತು. ತೂರಿದ ಜೋಳದಲ್ಲಿ ಮೊದಲ ಮೊರವನ್ನು ಚನ್ನವೀರಪ್ಪ ಫಕೀರವ್ವನ ಉಡಿಗೆ ಸುರಿದ.

ಉಡಿ ಗಂಟು ಹಾಕಿಕೊಂಡ ಮುದುಕಿ ವನಮಾಲಾಳ ಬೆನ್ನು ಸವರಿದಳು.

“ನಿನ್ನ ಯಂತ್ರ ಕೆಟ್ಟೈತಂತ ಮಂದಿ ಬೈತಾರ. ಮನಸಿಗೆ ಹಚ್ಚಿಕೋಬ್ಯಾಡವ್ವ. ಮುಂದಿನ ವರ್ಸ ಸರಿ ಹೋಗತೈತಿ.”

ವನಮಾಲಾ ಹೂಂ ಎಂದಳು.