ಲಾಟರಿ ಹಣದ ನಾಲ್ಕನೇ ಗೋಡೆ

ಬಹಳ ಹಿಂದೆ, ಗಿಳಿಗಳು ನ್ಯಾಯ ಹೇಳುತ್ತಿದ್ದ ಕಾಲದಲ್ಲಿ, ಚಿತ್ತಾರಪುರ ಅಂತ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೊಂದು ಲಾಟರಿ. ಚೀಟಿ ಕೊಂಡವರೆಲ್ಲ ಅದನ್ನು ಹಣೆಗೊತ್ತಿಕೊಂಡು, "ನನಗೆ ಬರದಿದ್ದರೆ ಶಾಲೆ ಕಟ್ಟೋಕೆ ಹೋಗಲಿ" ಅನ್ನುತ್ತಿದ್ದರು. ಬಹುಮಾನ ಕೊಟ್ಟು ಉಳಿದ ಹಣದಲ್ಲಿ ಶಾಲೆ ಬಿಟ್ಟು ಬೇರೇನೂ ಕಟ್ಟುವಂತಿಲ್ಲ. ಈ ಕಟ್ಟಳೆಯನ್ನು ಅರಮನೆ ಬಾಗಿಲ ಕಲ್ಲಿನಲ್ಲಿ ಕೆತ್ತಿದ್ದರು.

ಕೆಂಡಗಣ್ಣ ಎಂಬ ಮಂತ್ರವಾದಿ ಏನು ಮಾಡಿದ ಗೊತ್ತೇ? ರಾಜನನ್ನು ಆಮೆ ಮಾಡಿ, ತಾನೇ ಸಿಂಹಾಸನ ಹತ್ತಿದ! ಕಲ್ಲನ್ನು ಪುಡಿಪುಡಿ ಮಾಡಿದ. "ಕಲ್ಲು ಹೋಯ್ತು, ಕಟ್ಟಳೆಯೂ ಹೋಯ್ತು!" ಎಂದು ಲಾಟರಿ ಹಣವನ್ನೆಲ್ಲ ಬಾಚಿಕೊಂಡ.

ಹುಣಸೆಹಟ್ಟಿಯ ಶಾಲೆಗೆ ಮೂರು ಗೋಡೆ ಎದ್ದಿತ್ತು, ಹಣವಿಲ್ಲದೆ ನಾಲ್ಕನೆಯದು ಏಳಲೇ ಇಲ್ಲ. ಮಳೆ ಒಳಗೇ ಹೊಡೆಯುತ್ತಿತ್ತು. "ಇನ್ನೊಂದು ಮಳೆ ಬಂದರೆ ಶಾಲೆ ಮುಚ್ಚುತ್ತೇನಮ್ಮ" ಅಂದರು ಮೇಷ್ಟ್ರು. ಅಕ್ಷರ ಕಲಿಯಲು ಹಾತೊರೆಯುತ್ತಿದ್ದ ಸಂಪವ್ವ ಅದನ್ನು ಕೇಳಿ ಸ್ಲೇಟು ಕೆಳಗಿಟ್ಟಳು. ಹುಡುಗಿ ನೇರ ಅರಮನೆಗೆ ನಡೆದಳು.

"ಬುದ್ಧಿ, ನಮ್ಮ ಗೋಡೆ?"

"ಹೋಗೇ! ಆ ಹಣದಲ್ಲಿ ಮುತ್ತಿನ ಮಂಚ ತಂದಿದ್ದೀನಿ" ಎಂದು ಕೆಂಡಗಣ್ಣ ಮಲಗಿದ. ಅಯ್ಯಯ್ಯೋ! ಮಂಚ ಲಟಲಟನೆ ಮುರಿದು ಸಾಲು ಬೆಂಚುಗಳಾಗಿ ನಿಂತಿತು. ಮಂತ್ರವಾದಿ ನೆಲಕ್ಕೆ ಬಿದ್ದ.

ಮರುದಿನ ಮತ್ತೆ ಬಂದಳು. "ಬುದ್ಧಿ, ನಮ್ಮ ಗೋಡೆ?"

"ಆನೆ ಕೊಂಡೆ, ನೋಡು!" ಎಂದು ಹತ್ತಿ ಕೂತ. ಆನೆ ಒಂದು ಸಲ ಘೀಳಿಟ್ಟು ಚಪ್ಪಟೆಯಾಗಿ, ಕರಿಹಲಗೆಯಾಗಿಬಿಟ್ಟಿತು! ಸೇವಕರೆಲ್ಲ ಬಾಯಿಗೆ ಕೈ ಇಟ್ಟುಕೊಂಡರು.

ಮೂರನೇ ದಿನ ಕೆಂಡಗಣ್ಣ ಅದೇ ಹಣದ ಹೋಳಿಗೆ ಊಟಕ್ಕೆ ಕೂತಿದ್ದ. ಸಂಪವ್ವ ಗಾಬರಿಯಿಂದ ಕೂಗಿದಳು: "ದಮ್ಮಯ್ಯ, ತಿನ್ನಬೇಡಿ ಬುದ್ಧಿ! ಕಟ್ಟಳೆ ಇದ್ದದ್ದು ಕಲ್ಲಲ್ಲಿ ಅಲ್ಲ, ಜನ ಬಾಯಿಬಿಟ್ಟು ಹೇಳಿದ ಮಾತಲ್ಲಿ. ಆ ಹಣ ಶಾಲೆಯಾಗದೆ ಬಿಡಲ್ಲ!"

"ನನಗೇ ಬುದ್ಧಿ ಹೇಳ್ತೀಯಾ?" ಎಂದು ಇಡೀ ಹೋಳಿಗೆ ನುಂಗಿದ.

ಅವನ ಕಾಲು ಇಟ್ಟಿಗೆಯಾಯಿತು. ಹೊಟ್ಟೆ ಇಟ್ಟಿಗೆಯಾಯಿತು. "ನಿಲ್ಲಿಸ್ರೋ!" ಅನ್ನುವಷ್ಟರಲ್ಲಿ ಕುತ್ತಿಗೆಯೂ ಇಟ್ಟಿಗೆ. ಎಲ್ಲರೂ ಗರಬಡಿದವರಂತೆ ನೋಡುತ್ತಿದ್ದಂತೆ, ಗೋಡೆಯೊಂದು ಎದ್ದು ಕಿಟಕಿಯಿಂದ ಹುಣಸೆಹಟ್ಟಿಯತ್ತ ಹಾರಿಹೋಯಿತು. ಬೆಂಚುಗಳೂ ಕರಿಹಲಗೆಯೂ ಅದರ ಹಿಂದೆಯೇ ಹಾರಿದವು.

ಆಮೆಯಾಗಿದ್ದ ರಾಜ ಮತ್ತೆ ಮನುಷ್ಯನಾದ. ಊರೂರಿಗೆ ಶಾಲೆಯಾಯಿತು, ಜನ ನೆಮ್ಮದಿಯಾಗಿ ಬಾಳಿದರು.

ಹುಣಸೆಹಟ್ಟಿಯಲ್ಲಿ ಜೋರು ಮಳೆ ಬಂದಾಗ ಮಾತ್ರ ನಾಲ್ಕನೇ ಗೋಡೆ ಗೊಣಗುತ್ತದೆ: "ನೆನೀತಿದ್ದೀನಿ ಕಣೇ!"

"ನಾವೂ ನೆಂದಿದ್ವಿ. ಸುಮ್ನಿರಿ ಬುದ್ಧಿ, ಪಾಠ ನಡೀತಿದೆ" ಅನ್ನುತ್ತಾಳೆ ಸಂಪವ್ವ.